ಜಾವಾದಿಂದ ಕ್ಲೋಜರ್‌ಗೆ ತಂದ ಕೋಡ್‌ನಲ್ಲಿ ಲೆಕ್ಕ ತಪ್ಪುತ್ತಿದ್ದರೆ

ಜಾವಾದ ಬ್ಯಾಂಕ್ ಖಾತೆ ಕ್ಲಾಸನ್ನು ಕ್ಲೋಜರ್ (Clojure) ಭಾಷೆಗೆ ತಂದ ಮೇಲೆ, ಹಲವು ಥ್ರೆಡ್‌ಗಳು (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಓಡುವಾಗ ಎಲ್ಲ ಖಾತೆಗಳ ಒಟ್ಟು ಮೊತ್ತ ಆಗಾಗ ಕಡಿಮೆ ಕಾಣುತ್ತಿತ್ತು. ಮರುಕ್ಷಣ ಸರಿಯಾಗುತ್ತಿತ್ತು.

ಕ್ಲಾಸಿಗೊಂದು ಡೆಫ್‌ರೆಕಾರ್ಡ್ (ಹೆಸರಿರುವ ದತ್ತಾಂಶ ರಚನೆ), ಪ್ರತಿ ಖಾತೆಯೊಳಗೆ ಒಂದು ಆಟಮ್ (ಬದಲಾಗುವ ಮೌಲ್ಯವನ್ನು ಹಿಡಿದಿಡುವ ಡಬ್ಬಿ) ಇಟ್ಟಿದ್ದೆ. ಜಾವಾದ ಇಂಟರ್‌ಫೇಸ್‌ಗಳನ್ನೆಲ್ಲ ಕ್ಲೋಜರ್‌ನಲ್ಲಿ ಅವಕ್ಕೆ ಸಮನಾದ ಪ್ರೋಟೋಕಾಲ್ ಮಾಡಿದೆ, ಪ್ರಯೋಜನವಾಗಲಿಲ್ಲ. ಬರೆಯುವ ಕಡೆ ಲಾಕಿಂಗ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಅವಕಾಶ) ಸೇರಿಸಿದೆ, ಓದುವವರಿಗೆ ತಪ್ಪು ಮೊತ್ತ ಕಾಣುತ್ತಲೇ ಇತ್ತು. ದೋಷವಿದ್ದದ್ದು ಎರಡು ಸ್ವ್ಯಾಪ್‌ಗಳ (ಆಟಮ್‌ನ ಮೌಲ್ಯ ಬದಲಿಸುವ ಕರೆಗಳ) ನಡುವೆ: ಒಂದು ಖಾತೆಯಿಂದ ಹಣ ಕಳೆದಿದೆ, ಇನ್ನೊಂದಕ್ಕೆ ಇನ್ನೂ ಸೇರಿಲ್ಲ.

ಫಲ ಕೊಟ್ಟ ಕ್ರಮ ಇದು. ಮೊದಲು ಒಳಗಿನ ಆಟಮ್‌ಗಳನ್ನೆಲ್ಲ ಕಿತ್ತುಹಾಕಿ. ಖಾತೆಗಳನ್ನು ಬರಿಯ ಮ್ಯಾಪ್‌ಗಳಾಗಿಸಿ (ಕೀ ಮತ್ತು ಮೌಲ್ಯಗಳ ಜೋಡಿಗಳು), ಖಾತೆ ಸಂಖ್ಯೆಯೇ ಕೀ ಆಗಿರುವ ಒಂದೇ ದೊಡ್ಡ ಮ್ಯಾಪ್‌ನಲ್ಲಿಡಿ. ಬಳಿಕ ‘ವರ್ಗಾಯಿಸು’ ಫಂಕ್ಷನ್ ಬರೆಯಿರಿ: ಹಳೆಯ ಮ್ಯಾಪ್ ಪಡೆದು, ಮ್ಯಾಪ್‌ನ ಒಳಗಿನ ಒಂದು ಮೌಲ್ಯ ಬದಲಿಸಿದ ಹೊಸ ಮ್ಯಾಪ್ ಕೊಡುವ ಅಪ್‌ಡೇಟ್-ಇನ್ ಎರಡು ಸಲ ಬಳಸಿ, ಹೊಸ ಮ್ಯಾಪ್ ಹಿಂದಿರುಗಿಸಬೇಕು, ಅಷ್ಟೇ. ಆಟಮ್ ಇಲ್ಲದೆಯೇ ಇದನ್ನು ಪರೀಕ್ಷಿಸಬಹುದು. ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಇದೇ. ಕೊನೆಯಲ್ಲಿ ಹೊರಗೆ ಒಂದೇ ಆಟಮ್, ಒಂದೇ ಸ್ವ್ಯಾಪ್ (ಇಲ್ಲಿ ಖಾತೆ 1ರಿಂದ 2ಕ್ಕೆ 500):

(ಸ್ವ್ಯಾಪ್! ಖಾತೆಗಳು ವರ್ಗಾಯಿಸು 1 2 500)

ಬೇರೆ ಥ್ರೆಡ್ ನಡುವೆ ಬಂದರೆ ಸ್ವ್ಯಾಪ್ ಆ ಫಂಕ್ಷನ್ನನ್ನು ಮತ್ತೆ ಓಡಿಸುತ್ತದೆ. ಆದ್ದರಿಂದ ಲಾಗ್ ಬರೆಯುವುದು, ಇಮೇಲ್ ಕಳಿಸುವುದು ಅದರೊಳಗೆ ಬೇಡವೇ ಬೇಡ, ಅವೂ ಮತ್ತೆ ನಡೆದುಬಿಡುತ್ತವೆ. ಮೊತ್ತ ಕೂಡುವಾಗಲೂ ಆಟಮ್ಮನ್ನು ಒಮ್ಮೆ ಮಾತ್ರ ಓದಿ, ಬಂದ ಮ್ಯಾಪ್ ಮೇಲೆಯೇ ರೆಡ್ಯೂಸ್ (ಒಂದೊಂದಾಗಿ ಕೂಡಿ ಒಂದೇ ಮೊತ್ತ ಮಾಡುವ ಫಂಕ್ಷನ್) ನಡೆಸಿ.