ಕೊಡಬಾರದ ಮಾತು ಕೊಡಬೇಡಿ: ಆಪ್ತಸಮಾಲೋಚಕರಿಗೆ ಗೋಪ್ಯತೆಯ ಕೈಪಿಡಿ

‘ಇಲ್ಲಿ ಆಡಿದ ಯಾವ ಮಾತೂ ಈ ಕೋಣೆ ದಾಟುವುದಿಲ್ಲ.’ ಹೊಸದಾಗಿ ವೃತ್ತಿಗೆ ಬಂದವರು ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಹೇಳುವ ಮಾತಿದು. ಎದುರಿಗೆ ಕೂತವರಿಗೆ ಧೈರ್ಯ ಬರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಆದರೆ ಇದು ನಿಜವಲ್ಲ. ಜೀವಕ್ಕೆ ಅಪಾಯ ಎದುರಾದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವುದು ತಿಳಿದಾಗ, ನ್ಯಾಯಾಲಯ ಆದೇಶಿಸಿದಾಗ ಮಾತು ಕೋಣೆ ದಾಟಬೇಕಾಗುತ್ತದೆ. ಆ ದಿನ ಕ್ಲೈಂಟ್ ‘ನೀವು ಮಾತು ಕೊಟ್ಟಿದ್ದಿರಲ್ಲ’ ಎಂದರೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ವೃತ್ತಿಧರ್ಮದ ನಿಯಮಗಳು ಅನೇಕ. ಇಲ್ಲಿ ಗೋಪ್ಯತೆಗೇ ಹೆಚ್ಚು ಜಾಗ ಕೊಟ್ಟಿದ್ದೇವೆ. ದಿನನಿತ್ಯದ ಕೆಲಸದಲ್ಲಿ ಕಾಲು ಜಾರುವುದು ಹೆಚ್ಚಾಗಿ ಇಲ್ಲಿಯೇ, ಅದೂ ಕೆಟ್ಟವರಲ್ಲ, ಅವಸರದಲ್ಲಿ ಒಳ್ಳೆಯವರಾಗಲು ಹೋದವರು.

ಮೊದಲ ಭೇಟಿಯ ಮೊದಲ ಹತ್ತು ನಿಮಿಷ

ಐವತ್ತು ನಿಮಿಷದ ಸೆಷನ್‌ನಲ್ಲಿ ಹತ್ತು ನಿಮಿಷವನ್ನು ಗೋಪ್ಯತೆಯ ಮಿತಿಗಳನ್ನು ತಿಳಿಸಿ ಒಪ್ಪಿಗೆ ಪಡೆಯಲು ಮೀಸಲಿಡಿ. ಕ್ಲೈಂಟ್ ತಮ್ಮ ಕಥೆ ಶುರು ಮಾಡುವ ಮುನ್ನವೇ ಇದು ಮುಗಿದಿರಬೇಕು. ಅರ್ಧ ಹೇಳಿಯಾದ ಮೇಲೆ ‘ಅಂದಹಾಗೆ, ಇಂಥದ್ದನ್ನು ನಾನು ವರದಿ ಮಾಡಬೇಕಾಗುತ್ತದೆ’ ಎಂದರೆ ಅದು ಬಲೆ ಬೀಸಿದಂತಾಗುತ್ತದೆ. ಫಾರಂ ಕೈಗಿಟ್ಟು ಸಹಿ ಮಾಡಿಸುವುದು ಒಪ್ಪಿಗೆಯಲ್ಲ. ಸಂಕಟದಲ್ಲಿರುವವರು ಫಾರಂ ಓದುವುದಿಲ್ಲ, ಪೆನ್ನು ಕೇಳುತ್ತಾರೆ. ಬಾಯಲ್ಲಿ ಹೇಳಿ, ಹೀಗೆ:

‘ನೀವು ಹೇಳುವುದನ್ನು ನಾನು ಗುಟ್ಟಾಗಿ ಇಡುತ್ತೇನೆ. ಕೆಲವು ಸಂದರ್ಭದಲ್ಲಿ ಮಾತ್ರ ಅದು ಆಗುವುದಿಲ್ಲ. ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ನಿಜವಾದ ಅಪಾಯವಿದೆ ಅನ್ನಿಸಿದರೆ, ಮಗುವಿಗೋ ಅಸಹಾಯಕರಿಗೋ ಹಿಂಸೆಯಾಗುತ್ತಿದೆ ಎಂದು ಗೊತ್ತಾದರೆ, ನ್ಯಾಯಾಲಯ ಆದೇಶ ಕೊಟ್ಟರೆ ನಾನು ಹೊರಗಿನವರಿಗೆ ತಿಳಿಸಬೇಕಾಗಬಹುದು. ಹಾಗಾದಾಗ, ಸಾಧ್ಯವಿದ್ದಷ್ಟು ಮಟ್ಟಿಗೆ, ಮೊದಲು ನಿಮಗೇ ಹೇಳುತ್ತೇನೆ. ನನ್ನ ಕೆಲಸವನ್ನು ಒಬ್ಬ ಸೂಪರ್‌ವೈಸರ್ ಜೊತೆ, ಅಂದರೆ ನನಗೆ ಮಾರ್ಗದರ್ಶನ ಮಾಡುವ ಹಿರಿಯ ಆಪ್ತಸಮಾಲೋಚಕರ ಜೊತೆ ಚರ್ಚಿಸುತ್ತೇನೆ, ಆದರೆ ನಿಮ್ಮ ಹೆಸರು ಹೇಳುವುದಿಲ್ಲ.’

ನಂತರ ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ನಾನು ಯಾವಾಗ ಬೇರೆಯವರಿಗೆ ಹೇಳಬೇಕಾಗಬಹುದು, ನಿಮ್ಮ ಮಾತಿನಲ್ಲೇ ಒಮ್ಮೆ ಹೇಳಿ ನೋಡೋಣ’ ಎನ್ನಿ. ತಪ್ಪು ತಿಳಿದಿದ್ದರೆ ಆಗಲೇ ಹೊರಬೀಳುತ್ತದೆ. ಇದರ ಜೊತೆಗೆ ಶುಲ್ಕ, ಸೆಷನ್‌ನ ಅವಧಿ, ಬರಲಾಗದಿದ್ದರೆ ಎಷ್ಟು ಗಂಟೆ ಮುಂಚೆ ತಿಳಿಸಬೇಕು, ಎರಡು ಸೆಷನ್ ನಡುವೆ ಫೋನ್ ಮಾಡಬಹುದೇ, ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು, ನಿಮ್ಮ ಮೇಲೆ ದೂರು ಕೊಡಬೇಕೆಂದರೆ ಎಲ್ಲಿಗೆ, ಇಷ್ಟನ್ನೂ ತಿಳಿಸಿ. ಸಹಿ ಕೊನೆಗೆ. ಹೀಗೆ ಒಮ್ಮೆ ಪಡೆದ ಒಪ್ಪಿಗೆ ಕೊನೆಯವರೆಗೂ ಸಾಲುವುದಿಲ್ಲ. ಮನೆಯವರು ಸೆಷನ್‌ಗೆ ಸೇರಿಕೊಂಡಾಗ, ಭೇಟಿ ಆನ್‌ಲೈನ್‌ಗೆ ಬದಲಾದಾಗ, ಧ್ವನಿಮುದ್ರಣದ ಮಾತು ಬಂದಾಗ ಮತ್ತೆ ಕೇಳಬೇಕು.

ವರದಿಯ ಕಾನೂನು ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ನೀವು ಕೆಲಸ ಮಾಡುವ ಕಡೆಯ ನಿಯಮವನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಏನನ್ನು ವರದಿ ಮಾಡಬೇಕು, ಯಾರಿಗೆ, ಎಷ್ಟು ಹೊತ್ತಿನೊಳಗೆ, ಯಾವ ನಂಬರಿಗೆ. ಮೇಜಿನ ಡ್ರಾಯರ್‌ನಲ್ಲಿ ಅದು ಇರಲಿ. ಆ ಗಳಿಗೆ ಬಂದಾಗ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ.

ಮನೆಯವರ ಫೋನ್

ಗೋಪ್ಯತೆ ಒಡೆಯುವುದು ಬಹಳಷ್ಟು ಸಲ ದೊಡ್ಡ ಸಂದಿಗ್ಧದಲ್ಲಲ್ಲ, ಒಂದು ಸಣ್ಣ ಸೌಜನ್ಯದಲ್ಲಿ. ಕ್ಲೈಂಟಿನ ತಾಯಿ ಫೋನ್ ಮಾಡಿ ‘ಮಗ ನಿಮ್ಮ ಹತ್ತಿರ ಬರ್ತಾ ಇದಾನಲ್ಲ, ಈಗ ಪರವಾಗಿಲ್ವಾ?’ ಎನ್ನುತ್ತಾರೆ. ‘ಹೌದಮ್ಮಾ, ಚೆನ್ನಾಗಿದ್ದಾರೆ, ಚಿಂತೆ ಮಾಡಬೇಡಿ’ ಎಂದಿರಾದರೆ ಎರಡು ಗುಟ್ಟು ಬಿಟ್ಟುಕೊಟ್ಟಂತೆ. ಒಂದು, ಅವರು ಬರುತ್ತಿದ್ದಾರೆ ಎಂಬುದು. ಇನ್ನೊಂದು, ಅವರ ಸ್ಥಿತಿ. ಬರುತ್ತಿದ್ದಾರೆ ಎಂಬ ಸಂಗತಿಯೂ ಗುಟ್ಟೇ.

ಹೀಗೆ ಹೇಳಬಹುದು: ‘ಅಮ್ಮಾ, ನನ್ನ ಹತ್ತಿರ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನ ಯಾರಿಗೂ ಹೇಳೋ ಹಾಗಿಲ್ಲ. ನಿಮ್ಮ ಆತಂಕ ಅರ್ಥವಾಗುತ್ತೆ. ನೀವು ಏನಾದರೂ ಹೇಳಬೇಕು ಅಂತಿದ್ದರೆ ಕೇಳ್ತೀನಿ. ಆದರೆ ಅದು ನನ್ನ ಕ್ಲೈಂಟಿಗೆ ಸಂಬಂಧಪಟ್ಟಿದ್ದರೆ, ನೀವು ಫೋನ್ ಮಾಡಿದ್ದನ್ನ ಅವರಿಗೆ ತಿಳಿಸ್ತೀನಿ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಬಿಟ್ಟರೆ ನೀವು ತಾಯಿಯ ಗುಟ್ಟಿಗೂ ಮಗನ ಗುಟ್ಟಿಗೂ ಕಾವಲುಗಾರರಾಗುತ್ತೀರಿ. ಮುಂದಿನ ಸೆಷನ್‌ನಲ್ಲಿ ಮಗನ ಎದುರು ಕೂತು ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸಬೇಕಾಗುತ್ತದೆ.

ಗಂಡ ಹೆಂಡತಿ ಇಬ್ಬರನ್ನೂ ನೋಡುವಾಗ ಇದೇ ತೊಡಕು ಹತ್ತು ಪಟ್ಟಾಗುತ್ತದೆ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದಾಗ ಒಬ್ಬರು ‘ನನಗೆ ಬೇರೊಂದು ಸಂಬಂಧ ಇದೆ, ದಯವಿಟ್ಟು ಹೇಳಬೇಡಿ’ ಎಂದರೆ, ನಿಯಮವನ್ನು ಆಗ ಮಾಡಲು ಹೊರಟವರು ಆಗಲೇ ತಡ ಮಾಡಿದ್ದಾರೆ. ಮೊದಲ ಜಂಟಿ ಭೇಟಿಯಲ್ಲೇ ಇಬ್ಬರ ಎದುರು ಹೇಳಿ, ಬರಹದಲ್ಲೂ ಕೊಡಿ: ಒಂಟಿಯಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುತ್ತೀರೋ ಇಲ್ಲವೋ. ‘ಚಿಕಿತ್ಸೆಗೆ ಅಡ್ಡಿಯಾಗುವ ಗುಟ್ಟನ್ನು ನಾನು ಇಟ್ಟುಕೊಳ್ಳುವುದಿಲ್ಲ, ನೀವೇ ಹೇಳಲು ಸಹಾಯ ಮಾಡುತ್ತೇನೆ, ಆಗದಿದ್ದರೆ ಜಂಟಿ ಚಿಕಿತ್ಸೆ ನಿಲ್ಲಿಸುತ್ತೇನೆ’ ಎಂಬ ನಿಲುವು ನಮಗೆ ಹೆಚ್ಚು ಸರಿ ಕಾಣುತ್ತದೆ. ಬೇರೆ ನಿಲುವು ತಳೆಯುವವರೂ ಇದ್ದಾರೆ. ನಿಲುವು ಯಾವುದೇ ಇರಲಿ, ಮುಂಚೆಯೇ ಹೇಳಿರಬೇಕು.

ಹದಿಹರೆಯದವರ ವಿಷಯದಲ್ಲಿ ಕಾನೂನಿನ ಒಪ್ಪಿಗೆ ಸಾಮಾನ್ಯವಾಗಿ ತಂದೆತಾಯಿಯದು, ಮಾತು ಮಾತ್ರ ಮಗುವಿನದು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ತಂದೆತಾಯಿಗೆ ಏನು ತಿಳಿಯುತ್ತದೆ (ಹಾಜರಿ, ಸ್ಥೂಲವಾದ ಪ್ರಗತಿ, ಜೀವಾಪಾಯ), ಏನು ತಿಳಿಯುವುದಿಲ್ಲ (ಗೆಳೆತನ, ಕೋಪ, ದಿನಚರಿಯ ವಿವರ) ಎಂದು ಬಿಡಿಸಿ ಹೇಳಿ. ತಂದೆತಾಯಿ ಅಲ್ಲಿ ಒಪ್ಪದಿದ್ದರೆ ಆಮೇಲೆ ಒಪ್ಪುತ್ತಾರೆಂದು ನೆಚ್ಚಬೇಡಿ.

ಗುಟ್ಟು ಬಿಡಲೇಬೇಕಾದಾಗ

1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ವಿದ್ಯಾರ್ಥಿಯೊಬ್ಬ, ತಾನು ಒಬ್ಬ ಯುವತಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞರ ಬಳಿ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಟ್ಟುಬಿಟ್ಟರು. ಟಟಿಯಾನಾ ಟರಾಸಾಫ್ ಎಂಬ ಆ ಯುವತಿಗಾಗಲಿ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಅಕ್ಟೋಬರಿನಲ್ಲಿ ಅವಳ ಕೊಲೆಯಾಯಿತು. ತಂದೆತಾಯಿ ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲಿ, ಅಪಾಯದಲ್ಲಿರುವವರನ್ನು ಎಚ್ಚರಿಸುವ ಹೊಣೆ ಚಿಕಿತ್ಸಕರಿಗಿದೆ ಎಂದಿತು. ಮರುವಿಚಾರಣೆ ನಡೆಸಿ 1976ರಲ್ಲಿ ಅದನ್ನು, ಅವರನ್ನು ಕಾಪಾಡಲು ತಕ್ಕ ಎಚ್ಚರಿಕೆ ವಹಿಸುವ ಹೊಣೆ ಎಂದು ತಿದ್ದಿತು. ಆ ತೀರ್ಪು ಎಲ್ಲ ಕಡೆ ಕಾನೂನಲ್ಲ. ಆದರೆ ಆ ತಿದ್ದುಪಡಿಯಲ್ಲಿ ಕೆಲಸಕ್ಕೆ ಬರುವ ವಿವೇಕವಿದೆ. ಎಚ್ಚರಿಸುವುದು ಕಾಪಾಡುವ ದಾರಿಗಳಲ್ಲಿ ಒಂದು ಮಾತ್ರ. ಸೆಷನ್‌ಗಳನ್ನು ಹತ್ತಿರ ಹತ್ತಿರ ಇಡುವುದು, ಮನೋವೈದ್ಯರ ಬಳಿ ಕಳಿಸುವುದು, ಆಸ್ಪತ್ರೆಗೆ ಸೇರಿಸುವುದು, ಆಯುಧ ಕೈಗೆ ಸಿಗದಂತೆ ಮಾಡುವುದು ಇವೂ ಕಾಪಾಡುವುದೇ.

ಆತ್ಮಹತ್ಯೆಯ ಮಾತಿನಲ್ಲಿ ತಪ್ಪು ಎರಡು ಕಡೆಯಿಂದ ಆಗುತ್ತದೆ. ‘ಬದುಕೇ ಸಾಕಾಗಿದೆ’ ಎಂಬ ಒಂದು ಮಾತು ಕೇಳಿದ್ದೇ ಮನೆಯವರಿಗೆ ಫೋನ್ ಮಾಡುವವರಿದ್ದಾರೆ. ಕ್ಲೈಂಟ್ ಆಮೇಲೆ ಬರುವುದೇ ಇಲ್ಲ, ಬಂದರೂ ನಿಜ ಹೇಳುವುದಿಲ್ಲ. ಇನ್ನೊಂದು ಕಡೆ, ಕೇಳಿದರೆ ತಲೆಗೆ ಹೊಳೆಯದ ಯೋಚನೆ ಹೊಳೆಯಿಸಿದಂತಾಗುತ್ತದೇನೋ ಎಂದು ಸುಮ್ಮನಾಗುವವರು. ಈ ಭಯಕ್ಕೆ ಆಧಾರವಿಲ್ಲ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಹಾಗಾಗಿ ಸುತ್ತಿಬಳಸದೆ ಕೇಳಿ, ಈ ಕ್ರಮದಲ್ಲಿ:

1. ಸಾಯುವ ಯೋಚನೆ ಬರುತ್ತಿದೆಯೇ? ಎಷ್ಟು ಸಲ?
2. ಹೇಗೆ ಎಂದು ಯೋಚಿಸಿದ್ದೀರಾ?
3. ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ?
4. ಯಾವಾಗ ಎಂದು ನಿಶ್ಚಯಿಸಿದ್ದೀರಾ?
5. ಹಿಂದೆ ಪ್ರಯತ್ನಿಸಿದ್ದುಂಟೇ?
6. ಇಲ್ಲಿಯವರೆಗೆ ನಿಮ್ಮನ್ನು ತಡೆದದ್ದು ಏನು?

ಯೋಚನೆ ಮಾತ್ರವಿದ್ದರೆ ಒಟ್ಟಿಗೆ ಕೂತು ಸುರಕ್ಷತಾ ಯೋಜನೆ ಬರೆಯಿರಿ. ಅದರಲ್ಲಿ ಮುನ್ಸೂಚನೆಗಳು, ತಾನೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೃತ್ತಿಪರರ ಮತ್ತು ಸಹಾಯವಾಣಿಯ ನಂಬರು, ಅಪಾಯಕಾರಿ ವಸ್ತುಗಳನ್ನು ದೂರ ಇಡುವ ಬಗೆ ಇರಬೇಕು. ‘ಸಾಯುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವುದರಿಂದ ಕ್ಲೈಂಟಿಗೆ ರಕ್ಷಣೆ ಸಿಗುವುದಿಲ್ಲ; ಸಮಾಧಾನ ಸಿಗುವುದು ನಿಮಗಷ್ಟೇ.

ಯೋಜನೆ, ಸಾಧನ, ಸಮಯ ಮೂರೂ ಕೂಡಿ ಬಂದಿದ್ದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ. ‘ಇದು ನಾನು ಮೊದಲ ದಿನ ಹೇಳಿದ ಸಂದರ್ಭ’ ಎಂದು ನೆನಪಿಸಿ, ಯಾರಿಗೆ ಹೇಳಿದರೆ ಒಳ್ಳೆಯದು ಎಂದು ಅವರನ್ನೇ ಕೇಳಿ, ಅವರ ಎದುರಿಗೇ ಫೋನ್ ಮಾಡಿ. ಆದರೆ ಹಿಂಸೆ ಮಾಡುತ್ತಿರುವವರೇ ಮನೆಯವರಾಗಿದ್ದರೆ ಫೋನ್ ಹೋಗಬೇಕಾದದ್ದು ಅಲ್ಲಿಗಲ್ಲ, ಆಸ್ಪತ್ರೆಗೆ ಅಥವಾ ತುರ್ತು ಸೇವೆಗೆ. ಎಷ್ಟು ಬೇಕೋ ಅಷ್ಟೇ ಹೇಳಿ. ‘ಇವತ್ತು ರಾತ್ರಿ ಇವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ನಾಳೆ ಬೆಳಿಗ್ಗೆ ವೈದ್ಯರ ಹತ್ತಿರ ಕರೆದೊಯ್ಯಿರಿ’ ಎಂಬುದು ಸಾಕು. ಏಕೆ ಈ ಸ್ಥಿತಿ ಬಂತು, ಪ್ರೇಮವೋ ಸಾಲವೋ ಎಂಬುದು ಅವರ ಜೀವ ಉಳಿಸಲು ಬೇಕಾಗಿಲ್ಲ. ಆ ಭಾಗದ ಬೀಗ ತೆರೆಯಬೇಡಿ.

ಸಾಧ್ಯವಾದರೆ ಮುಂಚೆ, ಇಲ್ಲದಿದ್ದರೆ ಅದೇ ದಿನ ಸೂಪರ್‌ವೈಸರ್ ಜೊತೆ ಮಾತಾಡಿ. ನಂತರ ಬರೆದಿಡಿ: ಏನು ತಿಳಿಯಿತು, ಯಾವ ಯಾವ ದಾರಿ ಯೋಚಿಸಿದಿರಿ, ಯಾರನ್ನು ಕೇಳಿದಿರಿ, ಏನು ಮಾಡಿದಿರಿ, ಏನನ್ನು ಮಾಡಲಿಲ್ಲ ಮತ್ತು ಏಕೆ. ಈ ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

ಕಡತ, ಫೋನು, ಪರದೆ

ನೋಟ್ಸ್ ಅದೇ ದಿನ ಬರೆಯಿರಿ. ದಿನಾಂಕ, ಅವಧಿ, ಮುಖ್ಯ ವಿಷಯ, ಅಪಾಯದ ಅಂದಾಜು, ನೀವು ಮಾಡಿದ್ದು, ಮುಂದಿನ ಹೆಜ್ಜೆ, ಇಷ್ಟೇ ಸಾಕು. ಕ್ಲೈಂಟ್ ಒಂದು ದಿನ ಓದುತ್ತಾರೆ ಎಂದುಕೊಂಡೇ ಬರೆಯಿರಿ. ‘ಗಂಡ ಹೊಡೆಯುತ್ತಾನೆ’ ಎಂಬುದಕ್ಕೂ ‘ಗಂಡ ಹೊಡೆಯುತ್ತಾನೆಂದು ಹೇಳಿದರು’ ಎಂಬುದಕ್ಕೂ ನ್ಯಾಯಾಲಯದಲ್ಲಿ ಬಹಳ ವ್ಯತ್ಯಾಸವಿದೆ. ಮೂರನೆಯವರ ಹೆಸರು ಬೇಡ, ‘ಸಹೋದ್ಯೋಗಿ’, ‘ಅಕ್ಕ’ ಎಂದರೆ ಸಾಕು. ತಪ್ಪು ಬರೆದಿದ್ದರೆ ಓದುವಂತೆ ಒಂದು ಗೀಟು ಎಳೆದು, ತಿದ್ದುಪಡಿ ಬರೆದು, ದಿನಾಂಕ ಹಾಕಿ. ದೂರು ಬಂದ ಮೇಲೆ ಹಳೆಯ ಪುಟವನ್ನು ತಿದ್ದಿದರೆ, ಮೂಲ ತಪ್ಪು ಕ್ಷಮಿಸುವಂಥದ್ದಾಗಿದ್ದರೂ ತಿದ್ದಿದ್ದನ್ನು ಯಾರೂ ಕ್ಷಮಿಸುವುದಿಲ್ಲ.

ಎಷ್ಟು ವರ್ಷ ಇಡಬೇಕು? ಬೇರೆ ಕಾನೂನು ಇಲ್ಲದ ಕಡೆಗೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 2007ರ ಮಾರ್ಗಸೂಚಿ ಒಂದು ಅಳತೆ ಕೊಡುತ್ತದೆ: ವಯಸ್ಕರದ್ದನ್ನು ಕೊನೆಯ ಸೇವೆಯಿಂದ 7 ವರ್ಷ, ಅಪ್ರಾಪ್ತರದ್ದನ್ನು ಅದೇ 7 ವರ್ಷ ಅಥವಾ ಅವರು ಪ್ರಾಪ್ತ ವಯಸ್ಕರಾಗಿ 3 ವರ್ಷ, ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ.

ಫೋನಿನಲ್ಲಿ ಕ್ಲೈಂಟಿನ ಪೂರ್ತಿ ಹೆಸರಿನ ಬದಲು ಸಂಕೇತವಿರಲಿ. ನಿಮ್ಮ ಸಂದೇಶ ಅವರ ಲಾಕ್ ಆದ ಪರದೆಯ ಮೇಲೆ ಮನೆಯವರಿಗೆಲ್ಲ ಕಾಣುವಂತೆ ಮೂಡಬಹುದು, ಆದ್ದರಿಂದ ‘ನಾಳೆ 4ಕ್ಕೆ’ ಎಂಬುದಕ್ಕಿಂತ ಹೆಚ್ಚು ಬರೆಯಬೇಡಿ. ಆನ್‌ಲೈನ್ ಸೆಷನ್‌ನಲ್ಲಿ ಪ್ರತಿ ಸಲವೂ ಮೊದಲು ಕೇಳಬೇಕಾದ ಪ್ರಶ್ನೆ ಮೂರು: ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ, ಸಂಪರ್ಕ ಕಡಿದರೆ ಯಾವ ನಂಬರಿಗೆ ಮಾಡಲಿ? ತುರ್ತು ಬಂದಾಗ ವಿಳಾಸ ಗೊತ್ತಿಲ್ಲದೆ ಆಂಬುಲೆನ್ಸ್ ಕಳಿಸಲಾಗುವುದಿಲ್ಲ.

ಕ್ಲೈಂಟಿನ ಕಥೆಯನ್ನು ಹೆಸರು ಬದಲಿಸಿ ಸಾಮಾಜಿಕ ಜಾಲತಾಣದಲ್ಲಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಊರಿನವರಿಗೆ ಗುರುತು ಸಿಗದಿರಬಹುದು, ಆ ಒಬ್ಬರಿಗೆ ಸಿಕ್ಕೇ ಸಿಗುತ್ತದೆ. ತನ್ನ ಅಳು ಲೈಕುಗಳಿಗೆ ಸರಕಾಯಿತೆಂದು ತಿಳಿದವರು ಇನ್ನೊಬ್ಬ ಥೆರಪಿಸ್ಟ್ ಎದುರೂ ಬಾಯಿ ಬಿಡುವುದಿಲ್ಲ.

ನೀವೇ ಮುಚ್ಚಿಡುತ್ತಿರುವುದು

ಕ್ಲೈಂಟಿನ ಗುಟ್ಟು ಕಾಯಬೇಕು. ನಿಮ್ಮ ನಡವಳಿಕೆಯಲ್ಲಿ ಗುಟ್ಟಿರಬಾರದು. ಕ್ಲೈಂಟಿನ ಜೊತೆಗಿನ ವೃತ್ತಿಸಂಬಂಧದ ಎಲ್ಲೆ ಒಂದಿಷ್ಟು ಸರಿಯುವುದೂ ಆ ಎಲ್ಲೆ ಮೀರಿ ಹಾನಿ ಮಾಡುವುದೂ ಒಂದೇ ಅಲ್ಲ. ಕೊನೆಯ ಸೆಷನ್‌ನಲ್ಲಿ ಮಗು ಬಿಡಿಸಿಕೊಟ್ಟ ಚಿತ್ರವನ್ನು ತೆಗೆದುಕೊಳ್ಳುವುದು ಮೊದಲನೆಯದು. ಕ್ಲೈಂಟಿನಿಂದ ಸಾಲ ಪಡೆಯುವುದು, ವ್ಯಾಪಾರಕ್ಕೆ ಕೈಜೋಡಿಸುವುದು ಎರಡನೆಯದು. ಲೈಂಗಿಕ ಸಂಬಂಧಕ್ಕಂತೂ ಕ್ಲೈಂಟಿನ ಒಪ್ಪಿಗೆ ನೆಪವಾಗಲಾರದು. ಚಿಕಿತ್ಸೆ ಮುಗಿದ ಮೇಲೂ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಕನಿಷ್ಠ 2 ವರ್ಷ, ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ 5 ವರ್ಷ ನಿಷೇಧಿಸುತ್ತವೆ. ಆ ಗಡುವು ಕಳೆದರೂ ಹಾನಿಯಿಲ್ಲವೆಂದು ತೋರಿಸುವ ಹೊಣೆ ಚಿಕಿತ್ಸಕರದ್ದೇ. ಆ ದಿನವೇ ಬರಬಾರದು ಎಂಬುದು ನಮ್ಮ ನಿಲುವು.

ಆಕರ್ಷಣೆ ಹುಟ್ಟುವುದು ಅಪರಾಧವಲ್ಲ, ಸೂಪರ್‌ವಿಷನ್‌ಗೆ ತರಬೇಕಾದ ವಿಷಯ. ಅನುಮಾನವಿದ್ದಾಗ ಒಂದೇ ಪ್ರಶ್ನೆ ಸಾಕು: ಇದನ್ನು ಇವತ್ತಿನ ನೋಟ್ಸ್‌ನಲ್ಲಿ ಬರೆಯಬಲ್ಲೆನೇ? ಬರೆಯಲು ಕೈ ಹಿಂಜರಿದರೆ ಮಾಡುವುದನ್ನು ನಿಲ್ಲಿಸಿ, ಸೂಪರ್‌ವೈಸರ್‌ಗೆ ಆವತ್ತೇ ಫೋನ್ ಮಾಡಿ.

ಇನ್ನೊಂದು ಕೆಲಸ ಉಳಿಯುತ್ತದೆ, ಬಹುತೇಕರು ಮಾಡದೇ ಬಿಡುವಂಥದ್ದು. ನಾಳೆ ನೀವೇ ಆಸ್ಪತ್ರೆ ಸೇರಿದರೆ, ತೀರಿಕೊಂಡರೆ, ನಿಮ್ಮ ಕ್ಲೈಂಟುಗಳಿಗೆ ಯಾರು ಹೇಳುತ್ತಾರೆ? ಕಡತ ಯಾರ ಕೈಗೆ ಸಿಗುತ್ತದೆ? ನಂಬಿಕಸ್ತ ಸಹೋದ್ಯೋಗಿಯೊಬ್ಬರನ್ನು ಒಪ್ಪಿಸಿ, ಅವರಿಗೊಂದು ಪತ್ರ ಬರೆದಿಡಿ: ಕಪಾಟಿನ ಕೀಲಿ ಎಲ್ಲಿದೆ, ಪಾಸ್‌ವರ್ಡ್ ಹೇಗೆ ಸಿಗುತ್ತದೆ, ಈಗಿನ ಕ್ಲೈಂಟುಗಳ ಪಟ್ಟಿ ಎಲ್ಲಿದೆ, ಯಾರಿಗೆ ಮೊದಲು ತಿಳಿಸಬೇಕು, ಯಾರ ಮನೆ ನಂಬರಿಗೆ ಫೋನ್ ಮಾಡಲೇಬಾರದು. ಪತ್ರ ಮುಚ್ಚಿದ ಲಕೋಟೆಯಲ್ಲಿರಲಿ. ಆರು ತಿಂಗಳಿಗೊಮ್ಮೆ ತೆಗೆದು ಪಟ್ಟಿ ಹೊಸದು ಮಾಡಿ, ಹಳೆಯದನ್ನು ಹರಿದು ಚೂರು ಮಾಡಿ.