ಕುದುರೆ ಮಸಾಲೆ ಮೇವಿನ ತಳಿಗಳನ್ನು ಹೋಲಿಸಿ ನೋಡುವ ಕ್ರಮ

ಶಿರಸಿ, ಸಿದ್ದಾಪುರದ ಕಡೆ ಕುದುರೆ ಮಸಾಲೆ, ಅಂದರೆ ಲೂಸರ್ನ್ ಬೆಳೆಯಲು ಹೊರಡುವ ಹೈನುಗಾರರಿಗೆ ಮೊದಲು ಎದುರಾಗುವ ಪ್ರಶ್ನೆ ತಳಿಯದು. ಮಹಾರಾಷ್ಟ್ರದ ರಾಹುರಿಯ ಆರ್.ಎಲ್.-88, ಗುಜರಾತಿನ ಆನಂದ್-2, ಕೊಯಮತ್ತೂರಿನ ಸಿಒ-1 ಇವೆಲ್ಲ ಹೆಸರಾದ ತಳಿಗಳೇ. ಆದರೆ ಅವು ರೂಪುಗೊಂಡದ್ದು ನಮ್ಮಷ್ಟು ಮಳೆ ಬೀಳದ ಸೀಮೆಗಳಲ್ಲಿ. ಹುಳಿ ಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಅವು ಹೇಗೆ ಬರುತ್ತವೆಂಬುದನ್ನು ಸ್ವಂತ ನೆಲದಲ್ಲಿಯೇ ನೋಡಿ ತಿಳಿಯಬೇಕು.

ಅಡಿಕೆ ತೋಟದ ನೆರಳಾಗಲಿ, ನೀರು ಬಸಿಯದ ಗದ್ದೆಯಾಗಲಿ ಈ ಬೆಳೆಗೆ ಆಗಿಬರುವುದಿಲ್ಲ. ಬೇಣದ, ಅಂದರೆ ಹುಲ್ಲುಗಾವಲಿನ ಅಂಚಿನಲ್ಲೋ ಮಳೆಯಾಶ್ರಯದ ಮಕ್ಕಿಗದ್ದೆಯಲ್ಲೋ ದಿನವಿಡೀ ಬಿಸಿಲು ಬೀಳುವ ಜಾಗವನ್ನು ಆರಿಸಿ, ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (ಪಿಎಚ್) 6.5ಕ್ಕಿಂತ ಕಡಿಮೆಯಿದ್ದರೆ ವರದಿಯಲ್ಲಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಮುಂಚಿತವಾಗಿಯೇ ಮಣ್ಣಿಗೆ ಬೆರೆಸಬೇಕು. ಹುಳಿ ಮಣ್ಣಿನಲ್ಲಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬೇರಿನ ಗಂಟುಗಳು ಸರಿಯಾಗಿ ಕಟ್ಟುವುದಿಲ್ಲ. ಆಗ ನಾವು ಅಳೆಯುವುದು ತಳಿಯ ಗುಣವನ್ನಲ್ಲ, ಸಾರಜನಕದ ಕೊರತೆಯನ್ನು. ಈ ಗಂಟು ಕಟ್ಟಿಸುವ, ಲೂಸರ್ನಿಗೆಂದೇ ಸಿಗುವ ರೈಜೋಬಿಯಂ ಸೂಕ್ಷ್ಮಾಣುವಿನಿಂದ ಎಲ್ಲ ತಳಿಗಳ ಬೀಜವನ್ನೂ ಒಂದೇ ರೀತಿ ಉಪಚರಿಸಬೇಕು.

ಮಳೆ ಪೂರ್ತಿ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಬಿತ್ತುವುದು ಸೂಕ್ತ. ಪ್ರತಿ ತಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲದ ನಾಲ್ಕು ಮಡಿಗಳಿರಲಿ. ಜಾಗವನ್ನು ನಾಲ್ಕು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳು ಬರುವಂತೆ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಇಳಿಜಾರಿನ ಕೆಳಗಿನ ಫಲವತ್ತಾದ ತುದಿ ಒಂದೇ ತಳಿಯ ಪಾಲಾದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಸಾಲುಗಳ ನಡುವೆ 30 ಸೆಂ.ಮೀ. ಅಂತರ ಸಾಕು.

ಮೊದಲ ಕೊಯ್ಲು ಸುಮಾರು 55ರಿಂದ 60 ದಿನಕ್ಕೆ, ಆಮೇಲಿನವು 25ರಿಂದ 30 ದಿನಕ್ಕೊಮ್ಮೆ ಬರುತ್ತವೆ. ಹೂವು ಬಿಟ್ಟಷ್ಟೂ ಕಾಂಡ ಬಲಿತು ನಾರು ಹೆಚ್ಚುವುದರಿಂದ, ಪ್ರತಿ ಸಲ ಕೊಯ್ಯುವಾಗ ಯಾವ ತಳಿ ಎಷ್ಟು ಹೂವಾಗಿತ್ತು ಎಂಬುದನ್ನು ಬರೆದಿಡಬೇಕು. ಅಂಚಿನ ಸಾಲುಗಳನ್ನು ಬಿಟ್ಟು, ಒಳಗಿನ 1 ಚದರ ಮೀಟರನ್ನು ನೆಲದಿಂದ 7–8 ಸೆಂ.ಮೀ. ಮೇಲೆ ಕೊಯ್ದು, ಇಬ್ಬನಿ ಆರಿದ ಮೇಲೆ ತೂಗಬೇಕು. ಚದರ ಮೀಟರಿಗೆ 1 ಕಿಲೊ ಎಂದರೆ ಹೆಕ್ಟೇರಿಗೆ 10 ಟನ್, ಗುಂಟೆಗೆ ಸುಮಾರು 100 ಕಿಲೊ.

ಈ ಹಸಿ ತೂಕಕ್ಕೆ ಮರುಳಾಗಬಾರದು. ಕೊಯ್ದ ಕೂಡಲೇ 500 ಗ್ರಾಂ ಮೇವನ್ನು ಕತ್ತರಿಸಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಉಳಿದ ಒಣ ಪದಾರ್ಥವನ್ನು ಲೆಕ್ಕ ಹಾಕಬೇಕು. ಒಂದು ತಳಿ 2 ಕಿಲೊ ಹಸಿಮೇವು ಕೊಟ್ಟು ಅದರಲ್ಲಿ ಶೇ. 18 ಒಣ ಪದಾರ್ಥವಿದೆ ಎಂದುಕೊಳ್ಳೋಣ: ಸಿಕ್ಕಿದ್ದು 360 ಗ್ರಾಂ. ಇನ್ನೊಂದು 1.8 ಕಿಲೊ ಕೊಟ್ಟು ಶೇ. 22 ಇದ್ದರೆ 396 ಗ್ರಾಂ. ತಕ್ಕಡಿಯಲ್ಲಿ ಸೋತದ್ದು ಇಲ್ಲಿ ಗೆದ್ದಿತು. ಮೊದಲನೆಯದರಲ್ಲಿ ಪ್ರೋಟೀನ್ ಶೇ. 20, ಎರಡನೆಯದರಲ್ಲಿ ಶೇ. 18 ಎಂದಾದರೆ ಎರಡರಿಂದಲೂ ಸಿಗುವ ಪ್ರೋಟೀನ್ ಹೆಚ್ಚುಕಡಿಮೆ 72 ಗ್ರಾಂ, ಅಂದರೆ ಸಮಸಮ.

ಪ್ರೋಟೀನಿನ ಹೆಚ್ಚಿನ ಪಾಲು ಎಲೆಯಲ್ಲಿರುವುದರಿಂದ, ಪ್ರಯೋಗಾಲಯಕ್ಕೆ ಕಳಿಸುವ ಮೊದಲೇ ಮನೆಯಲ್ಲಿ ಒಂದು ಅಂದಾಜು ಮಾಡಬಹುದು. 250 ಗ್ರಾಂ ಹಸಿಮೇವಿನ ಎಲೆಯನ್ನೂ ಕಾಂಡವನ್ನೂ ಬೇರ್ಪಡಿಸಿ, ಒಣಗಿಸಿ, ಬೇರೆ ಬೇರೆ ತೂಗಿದರೆ ಎಲೆಯ ಪಾಲು ಕಣ್ಣಿಗೆ ಕಟ್ಟುತ್ತದೆ. ಪ್ರಯೋಗಾಲಯದ ವರದಿ ಬಂದಾಗ ಕಚ್ಚಾ ಪ್ರೋಟೀನ್ ಜೊತೆಗೆ ಎನ್‌ಡಿಎಫ್, ಎಡಿಎಫ್ ಎಂಬ ನಾರಿನ ಎರಡು ಅಂಕಿಗಳನ್ನೂ ನೋಡಬೇಕು: ಈ ಎರಡರಲ್ಲಿ ಮೊದಲನೆಯದು ಕಡಿಮೆಯಿದ್ದರೆ ಆಕಳು ಹೆಚ್ಚು ತಿನ್ನಬಲ್ಲದು, ಎರಡನೆಯದು ಕಡಿಮೆಯಿದ್ದರೆ ತಿಂದದ್ದು ಚೆನ್ನಾಗಿ ಜೀರ್ಣವಾಗುತ್ತದೆ.

ನಮ್ಮ ಸೀಮೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಮಳೆಗಾಲ ದಾಟುವ ಶಕ್ತಿಗೆ. ಮೇ ಕೊನೆಯಲ್ಲಿ ಪ್ರತಿ ಮಡಿಯ ಗುರುತು ಹಾಕಿದ ಒಂದು ಮೀಟರ್ ಸಾಲಿನ ಬುಡಗಳನ್ನು ಎಣಿಸಿ, ಅಕ್ಟೋಬರಿನಲ್ಲಿ ಅದೇ ಸಾಲನ್ನು ಮತ್ತೆ ಎಣಿಸಬೇಕು. ಆರ್.ಎಲ್.-88ರಂತಹ ಬಹುವಾರ್ಷಿಕ ತಳಿಯೇ ಆದರೂ ಬೇರು ಕೊಳೆತು ಅರ್ಧಕ್ಕಿಂತ ಹೆಚ್ಚು ಬುಡ ಸತ್ತಿದ್ದರೆ, ಅದನ್ನು ಒಂದು ಹಂಗಾಮಿನ ಬೆಳೆಯೆಂದೇ ಹಿಡಿದು, ಪ್ರತಿ ವರ್ಷದ ಬೀಜ ಮತ್ತು ಬಿತ್ತನೆಯ ಖರ್ಚನ್ನು ಅದರ ಇಳುವರಿಯ ಎದುರಿಗೆ ಬರೆದು ಹೋಲಿಸಬೇಕು.