ಮೊದಲು ಮನೆಹೆಸರು, ಆಮೇಲೆ ಹುದ್ದೆ

ಕೆಲವು ವರ್ಷಗಳ ಹಿಂದಿನ ಮಾತು. ಕೊಡಗಿನಲ್ಲಿ ನಾವು ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್‌ಪೋಳ್ದ್. ಅದರ ಕ್ರೀಡಾಕೂಟದ ದಿನ ನಮ್ಮ ಊರ ಮಂದಿನಲ್ಲಿ, ಎಂದರೆ ಊರವರು ಸೇರುವ ಮೈದಾನದಲ್ಲಿ, ಮಾಜಿ ಸೈನಿಕರಿಗೆ ಸನ್ಮಾನವಿತ್ತು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳೆಂದು ಭಾಷಣವನ್ನು ನನಗೇ ಒಪ್ಪಿಸಿದ್ದರು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದದ್ದನ್ನು ಹೇಳಿದೆ. ಅವರದೇ ಕೊಡಂದೇರ ಒಕ್ಕದ, ಎಂದರೆ ಮನೆತನದ, ತಿಮ್ಮಯ್ಯನವರು 1957ರಿಂದ 1961ರವರೆಗೆ ಸೈನ್ಯದ ಮುಖ್ಯಸ್ಥರಾಗಿದ್ದು, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿರುವಾಗಲೇ 1965ರಲ್ಲಿ ತೀರಿಕೊಂಡದ್ದನ್ನು ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ವೇದಿಕೆಯಿಂದ ಇಳಿದಾಗ ಊರಿನ ಹಿರಿಯ ತಾಯಿಯೊಬ್ಬರು ನನ್ನ ಕೈ ಹಿಡಿದರು. ನಾವು ಅಜ್ಜಿಯನ್ನು ತಾಯಿ ಎಂದೇ ಕರೆಯುವುದು. "ಕುಂಞಿ, ಚೆನ್ನಾಗಿ ಹೇಳಿದೆ. ನಮ್ಮವರೂ ಹದಿನೆಂಟು ವರ್ಷ ಹೋಗಿದ್ದರಲ್ಲ. ಅವರ ಹೆಸರು ನಿನಗೆ ಗೊತ್ತಿಲ್ಲವೇ?" ಎಂದರು.

ಗೊತ್ತಿರಲಿಲ್ಲ. ಅವರ ಗಂಡನನ್ನು ನಾನು ನೋಡಿದ್ದೆ, ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿದಿದ್ದೆ. ಊರಿಗೆಲ್ಲ ಅವರು 'ಮಿಲಿಟರಿ ಅಜ್ಜ'. ಯಾವ ದಳ, ಯಾವ ಹುದ್ದೆ, ಯಾವ ಯುದ್ಧ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಇತಿಹಾಸದ ಮೇಷ್ಟರಾಗಿದ್ದವಳಿಗೆ ಇದಕ್ಕಿಂತ ದೊಡ್ಡ ತಪ್ಪು ಯಾವುದಿದೆ?

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ನಮ್ಮ ನುಡಿ ಕೊಡವ ತಕ್ಕನ್ನು ಮಾತೃಭಾಷೆ ಎಂದು ಬರೆಸಿದವರು ಒಂದು ಲಕ್ಷದ ಹದಿನಾಲ್ಕು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಜನ ಇಬ್ಬರು ಸೈನ್ಯ ಮುಖ್ಯಸ್ಥರನ್ನು ಕೊಟ್ಟಿದೆ ಎಂಬುದನ್ನು ನಾನು ಮಕ್ಕಳಿಗೆ ನೂರು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆದರೆ ಆ ಇಬ್ಬರ ಪ್ರತಿಮೆಗಳು ಮಡಿಕೇರಿಯಲ್ಲಿವೆ, ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅವರನ್ನು ಮರೆಯಲು ಯಾರೂ ಬಿಡುವುದಿಲ್ಲ. ಸಿಪಾಯಿಯ ಹೆಸರು ಉಳಿಯಬೇಕಾದರೆ ಅವನ ಊರೇ ಬರೆದಿಡಬೇಕು.

ಮುಂದಿನ ಕೈಲ್‌ಪೋಳ್ದ್‌ಗೆ ಶಾಲು, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿ ಯಾವುದೂ ಬೇಡ, ಊರಿನಿಂದ ಸಮವಸ್ತ್ರ ತೊಟ್ಟ ಪ್ರತಿಯೊಬ್ಬರ ಹೆಸರನ್ನೂ ಓದೋಣ ಎಂದು ಸಭೆಯಲ್ಲಿ ಹೇಳಿದೆ. ಒಪ್ಪಿದರು. ಜೊತೆಗೆ ನಿವೃತ್ತ ಸುಬೇದಾರ್ ಒಬ್ಬರು ಬಂದರು, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳೂ ಸೇರಿಕೊಂಡರು. ಹನ್ನೊಂದು ತಿಂಗಳು ಈ ಕೆಲಸ ಮಾಡಿದೆವು.

ಮೊದಲ ಜಗಳವೇ ಯಾರನ್ನು ಸೇರಿಸುವುದು ಎಂಬುದರ ಮೇಲೆ. ಪ್ರಶಸ್ತಿ ಪಡೆದವರು ಮಾತ್ರ ಎಂದರು ಕೆಲವರು. ಕೊಡವರು ಮಾತ್ರ ಎಂದರು ಇನ್ನು ಕೆಲವರು. ನಮ್ಮ ಊರಿನಲ್ಲಿ ಅರೆಭಾಷೆ ಗೌಡರ ಎರಡು ಮನೆಗಳಿವೆ, ಎರಡರಿಂದಲೂ ಜನ ಸೈನ್ಯಕ್ಕೆ ಹೋಗಿದ್ದಾರೆ. ಒಬ್ಬ ಮಾಪಿಳ್ಳೆ ಡ್ರೈವರ್ 1971ರಲ್ಲಿ ಪೂರ್ವದ ಗಡಿಯಲ್ಲಿ ಲಾರಿ ಓಡಿಸಿದ್ದ. ಈ ವಿಷಯದಲ್ಲಿ ಸುಬೇದಾರ್ ಅಣ್ಣ ಒಂದೇ ಮಾತು ಹೇಳಿದರು: "ಬಂಕರಿನಲ್ಲಿ ನನ್ನ ಪಕ್ಕದಲ್ಲಿದ್ದವನ ಜಾತಿಯನ್ನು ನಾನು ಕೇಳಿಲ್ಲ. ಇಲ್ಲಿಯೂ ಕೇಳುವುದು ಬೇಡ." ಆಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ನಿಜವಾದ ಕಷ್ಟ ಹೆಸರುಗಳದ್ದು. ನಮ್ಮಲ್ಲಿ ಮನೆಹೆಸರು ಮೊದಲು ಬರುತ್ತದೆ, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಸೈನ್ಯದ ಗುಮಾಸ್ತರು ಮೊದಲ ಎರಡನ್ನೂ ಇಂಗ್ಲಿಷ್ ಅಕ್ಷರಗಳಾಗಿ ಮೊಟಕು ಮಾಡಿಬಿಡುತ್ತಿದ್ದರು. ನಮ್ಮ ಪಟ್ಟಿಯಲ್ಲಿ ಪೊನ್ನಪ್ಪ ಎಂಬವರೇ ಏಳು ಮಂದಿ, ಅವರಲ್ಲಿ ಮೂವರ ಮೊದಲಕ್ಷರಗಳೂ ಒಂದೇ. ಆರ್ಮಿ ನಂಬರ್ ಒಂದೇ ಅವರನ್ನು ಬೇರೆ ಬೇರೆ ಮಾಡುತ್ತಿತ್ತು. ನಂಬರ್ ಇಲ್ಲದೆ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಬರೆಯುವುದು ವ್ಯರ್ಥ. ನಂಬರ್ ಇದ್ದರೂ ನಾವು ಬರೆದ ಒಂಬತ್ತು ಪತ್ರಗಳಿಗೆ ಬಂದ ಉತ್ತರ ಎರಡು.

ಆ ನಂಬರನ್ನು ಹುಡುಕುವುದು ಎಲ್ಲಿ? ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ ಇದ್ದರೆ ಕೆಲಸ ಮುಗಿದಂತೆ. ಪಿಂಚಣಿ ಪಾವತಿ ಆದೇಶದಲ್ಲಿಯೂ ಇರುತ್ತದೆ, ವಿಧವೆಯರು ಅದನ್ನು ಆಸ್ತಿ ಪತ್ರಕ್ಕಿಂತ ಜೋಪಾನವಾಗಿ ಇಟ್ಟಿರುತ್ತಾರೆ. ಕಾಗದವೇ ಇಲ್ಲದ ಮನೆಗಳಲ್ಲಿ ಅಟ್ಟ ಹತ್ತಿದೆವು. ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹುದ್ದೆ, ಹೆಸರು ಬರೆದಿರುತ್ತದೆ. ಒಂದು ಮನೆಯಲ್ಲಿ ಆ ಟ್ರಂಕಿಗೆ ಕರಿಮೆಣಸು ತುಂಬಿದ್ದರು, ಮೇಲೆ ಹಸಿರು ಪೇಂಟ್ ಬಳಿದಿದ್ದರು. ಹುಡುಗ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಹಸಿರಿನ ಅಡಿಯಿಂದ ಹಳೆಯ ಅಕ್ಷರಗಳು ದಪ್ಪವಾಗಿ ಎದ್ದು ಕಂಡವು. ಒಂದೊಂದೇ ಅಂಕಿ ಓದಿ ಬರೆದುಕೊಂಡೆವು.

ಪದಕಗಳನ್ನು ಓದುವುದನ್ನು ನನಗೆ ಕಲಿಸಿದ್ದು ಸುಬೇದಾರ್ ಅಣ್ಣ. ಸ್ವಾತಂತ್ರ್ಯದ ನಂತರದ ನಮ್ಮ ಪದಕಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ದಳ ಕೊರೆದಿರುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ, ನಾಣ್ಯವನ್ನು ನಿಲ್ಲಿಸಿದಂತೆ ಹಿಡಿದು ತಿರುಗಿಸಬೇಕು. 1965ರದು ರಕ್ಷಾ ಪದಕ, 1971ರದು ಸಂಗ್ರಾಮ ಪದಕ. ಜೊತೆಗೆ ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು. ಅಜ್ಜ ಏನೂ ಹೇಳದೆ ಸತ್ತಿದ್ದರೂ ಎರಡು ಪದಕಗಳು ಇಷ್ಟನ್ನು ಹೇಳುತ್ತವೆ. ಓದುಗರಲ್ಲಿ ಒಂದು ಬೇಡಿಕೆ: ಪದಕಗಳನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬ ಬಂತೆಂದು ಪ್ರತಿ ವರ್ಷ ತಿಕ್ಕಿ ತಿಕ್ಕಿ ಅಂಚಿನ ಹೆಸರೇ ಅಳಿಸಿಹೋದ ಪದಕವನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಫಳಫಳ ಹೊಳೆಯುತ್ತಿತ್ತು, ಯಾರದೆಂದು ತಿಳಿಯುವಂತಿರಲಿಲ್ಲ. ಮೆತ್ತನೆಯ ಒಣ ಬಟ್ಟೆ ಸಾಕು.

ಫೋಟೋಗಳನ್ನು ನಾವು ಯಾರ ಮನೆಯಿಂದಲೂ ಹೊರಗೆ ತೆಗೆದುಕೊಂಡು ಹೋಗಲಿಲ್ಲ. ಹಗಲು ಹೊತ್ತಿನಲ್ಲಿ ಜಗಲಿಯಲ್ಲಿಟ್ಟು ಮೊಬೈಲಿನಲ್ಲಿ ತೆಗೆದು, ಮನೆಯವರ ಎದುರಿಗೇ ಮತ್ತೆ ಗೋಡೆಗೆ ತೂಗುಹಾಕುತ್ತಿದ್ದೆವು. ಈ ಮಾತು ಹರಡಿದ ಮೇಲೆ ಬಾಗಿಲುಗಳು ತಾವಾಗಿಯೇ ತೆರೆದವು.

ಕಥೆಗಳ ವಿಷಯದಲ್ಲಿ ಕಠಿಣವಾಗಬೇಕಾಯಿತು. 1948ರ ನವೆಂಬರಿನಲ್ಲಿ ತಿಮ್ಮಯ್ಯನವರು ಕಾಶ್ಮೀರದ ಜೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿ, ಮುಂದಿನ ಟ್ಯಾಂಕಿನಲ್ಲಿ ತಾವೇ ಕುಳಿತು ಹೋದದ್ದು ಎಲ್ಲರಿಗೂ ಗೊತ್ತು. ನಾವು ಹೋದ ಮೂರು ಮನೆಗಳಲ್ಲಿ "ನಮ್ಮ ಅಜ್ಜ ಅವರ ಜೊತೆಯಲ್ಲಿದ್ದರು" ಎಂದರು. ಒಬ್ಬರ ಡಿಸ್ಚಾರ್ಜ್ ಬುಕ್ ನೋಡಿದರೆ ಆ ತಿಂಗಳು ಅವರು ಬೆಂಗಳೂರಿನ ತರಬೇತಿ ಕೇಂದ್ರದಲ್ಲಿದ್ದರು. ಮೊಮ್ಮಗನಿಗೆ ತೋರಿಸಿದಾಗ ಅವನ ಮುಖ ಬಾಡಿತು. ಸುಬೇದಾರ್ ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟು, ಹೊಸಬರಿಗೆ ಬಂದೂಕು ಹಿಡಿಯಲು ಕಲಿಸಿದವರಿಲ್ಲದೆ ಯಾವ ಕಣಿವೆಯನ್ನೂ ಯಾರೂ ಗೆದ್ದಿಲ್ಲ ಎಂದರು. ಪಟ್ಟಿಯಲ್ಲಿ 'ತರಬೇತುದಾರ ಹವಾಲ್ದಾರ್' ಎಂದೇ ಬರೆದೆವು. ಕಾಗದ ಸಿಗದ ಕಡೆ 'ಮನೆಯವರು ಹೇಳುವಂತೆ' ಎಂದು ಸೇರಿಸಿದೆವು. ನಿಜವಾಗಿ ಮಾಡಿದ ಕೆಲಸವೇ ಬೇಕಾದಷ್ಟು ದೊಡ್ಡದು, ಅದಕ್ಕೆ ಯಾವ ಒಗ್ಗರಣೆಯೂ ಬೇಡ.

ದಾಖಲೆ ಯಾಕೆ ಬೇಕು ಎಂದು ಕೇಳಿದ ಮಕ್ಕಳಿಗೆ ನಾನು ಅಜ್ಜಮಾಡ ದೇವಯ್ಯನವರ ಕಥೆ ಹೇಳುತ್ತಿದ್ದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ವಾಯುಸೇನೆಯ ಸ್ಕ್ವಾಡ್ರನ್ ಲೀಡರ್ ದೇವಯ್ಯ ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಹೊಡೆದುರುಳಿಸಿದರು. ಅವರು ಹಿಂದಿರುಗಲಿಲ್ಲ, ಇಲ್ಲಿ ಹೇಳಲು ಯಾರೂ ಇರಲಿಲ್ಲ. ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆಯೇ ಆ ಸಾಹಸ ಬೆಳಕಿಗೆ ಬಂತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ.

ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಸಮವಸ್ತ್ರದ ಫೋಟೋಗಳು ಸಾಲಾಗಿದ್ದವು. ಎಲ್ಲ ಬರೆದುಕೊಂಡು ಎದ್ದಾಗ ಒಳಗಿನಿಂದ ಕಾಫಿ ತಂದ ಅಕ್ಕ, "ನಾನೂ ಇದ್ದೆ" ಎಂದರು, ಮೆಲ್ಲಗೆ. ಸೈನ್ಯದ ಶುಶ್ರೂಷಾ ಸೇವೆಯಲ್ಲಿ ಅಧಿಕಾರಿಯಾಗಿ, 1971ರಲ್ಲಿ ಗಾಯಾಳುಗಳ ವಾರ್ಡಿನಲ್ಲಿ ದುಡಿದವರು. ಹವಾಲ್ದಾರ್ ಅಣ್ಣಂದಿರಿಗಿಂತ ಹುದ್ದೆಯಲ್ಲಿ ಮೇಲಿನವರು. ಅವರ ಫೋಟೋ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಆ ದಿನ ಅದನ್ನು ಗೋಡೆಗೆ ಹಾಕಿಸಿಯೇ ನಾನು ಆ ಮನೆಯಿಂದ ಹೊರಟೆ.

ಇಷ್ಟೊಂದು ಜನ ಹೋದದ್ದು ಯಾಕೆ? ನಮ್ಮ ರಕ್ತದಲ್ಲಿಯೇ ಇದೆ ಎನ್ನುವುದು ಸುಲಭದ ಉತ್ತರ. ಕೋವಿ ನಮ್ಮ ಪೂಜೆಯಲ್ಲಿದೆ, 1861ರಿಂದ ನಮಗೆ ಪರವಾನಗಿಯಿಂದ ವಿನಾಯಿತಿಯಿದೆ, ಈಗಿನ ಆದೇಶ 2029ರವರೆಗೆ ನಡೆಯುತ್ತದೆ, ಎಲ್ಲವೂ ನಿಜ. ಆದರೆ ನಮ್ಮ ಪಟ್ಟಿಯನ್ನು ಒಕ್ಕವಾರು ಜೋಡಿಸಿದಾಗ ಕಂಡದ್ದು ಬೇರೆ. ಹೋದವರಲ್ಲಿ ಹೆಚ್ಚಿನವರು ಎರಡನೆಯ, ಮೂರನೆಯ ಮಗ. ಹಿರಿಯವನು ಗದ್ದೆ ನೋಡಿಕೊಂಡ, ಕಿರಿಯವರು ಮನಿಆರ್ಡರ್ ಕಳುಹಿಸಿದರು. ಒಬ್ಬ ರಜೆಯಲ್ಲಿ ಬಂದರೆ ಹಿಂದಿರುಗುವಾಗ ಅಳಿಯನನ್ನೋ ದಾಯಾದಿಯನ್ನೋ ಭರ್ತಿಗೆ ಕರೆದುಕೊಂಡು ಹೋಗುತ್ತಿದ್ದ. ಗದ್ದೆಯನ್ನು ಉತ್ತವನೂ, ಅತ್ತೆಯ ಜೊತೆ ನಾಟಿ ಮಾಡಿದ ಹೆಂಡತಿಯೂ ಈ ಸೇವೆಯಲ್ಲಿ ಪಾಲುದಾರರೇ. ಪ್ರತಿ ಸೈನಿಕನ ಹೆಸರಿನ ಕೆಳಗೆ ಅವನಿಲ್ಲದಾಗ ಮನೆ ನಡೆಸಿದವರ ಹೆಸರನ್ನೂ ಬರೆದೆವು. ಇಡೀ ಪಟ್ಟಿಯಲ್ಲಿ ನನಗೆ ಹೆಚ್ಚು ಹೆಮ್ಮೆಯಿರುವುದು ಆ ಸಾಲುಗಳ ಬಗ್ಗೆ.

ಕೊನೆಯವರೆಗೂ ಸಿಗದವನು ಒಬ್ಬನಿದ್ದ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದ ಹುಡುಗ. ಮನೆಗೆ ಬಂದದ್ದು 'ಕಾಣೆಯಾಗಿದ್ದಾನೆ' ಎಂಬ ಒಂದು ಕಾಗದ ಮಾತ್ರ. ಅವನ ಅವ್ವ ಅದನ್ನು ಸಾವು ಎಂದು ಒಪ್ಪಲೇ ಇಲ್ಲ. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತೇವೆ. ಆಕೆ ಬದುಕಿರುವವರೆಗೆ ಆ ಗುಂಡು ಹಾರಿಸಲು ಬಿಡಲಿಲ್ಲ. ಆಕೆ ಹೋದ ಮೇಲೆ ಯಾರಿಗೂ ನೆನಪಾಗಲಿಲ್ಲ. ಕಾರಣಂಗ್ ಕೊಡುವ ದಿನ, ಎಂದರೆ ತೀರಿಹೋದ ಹಿರಿಯರಿಗೆ ಎಡೆಯಿಡುವ ದಿನ, ಮೀದಿ ಇಡುವಾಗ ಅವನ ಹೆಸರು ಹೇಳುವುದೋ ಬಿಡುವುದೋ ಎಂಬ ಅನುಮಾನ ಆ ಮನೆಯಲ್ಲಿ ಎಪ್ಪತ್ತು ವರ್ಷಕ್ಕೂ ಮೇಲಿತ್ತು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಭಾರತೀಯ ಸಿಪಾಯಿಗಳದೂ ಇದೆ, ಎಷ್ಟೋ ಹೆಸರುಗಳ ಮುಂದೆ ತಂದೆಯ ಹೆಸರು, ಊರು ಕೂಡ ಇರುತ್ತದೆ. ಮನೆಹೆಸರನ್ನು ಇಂಗ್ಲಿಷಿನಲ್ಲಿ ನಾವು ಬರೆಯುವಂತೆ ಹುಡುಕಿದರೆ ಏನೂ ಬರಲಿಲ್ಲ. ನಮ್ಮ ಹುಡುಗಿ ಉತ್ತರದ ಗುಮಾಸ್ತನೊಬ್ಬ ಕೇಳಿಸಿಕೊಂಡು ಹೇಗೆ ಬರೆದಿರಬಹುದು ಎಂದು ಯೋಚಿಸಿ, ಹನ್ನೆರಡು ರೀತಿಯ ಕಾಗುಣಿತ ಬರೆದುಕೊಂಡು ಒಂದೊಂದನ್ನೇ ಹಾಕಿದಳು. ಹತ್ತನೆಯದಕ್ಕೆ ಬಂತು. ತಂದೆಯ ಹೆಸರು ಸರಿಯಿತ್ತು. ಊರಿನ ಹೆಸರು ಅರ್ಧ ಸರಿಯಿತ್ತು. ಮುಂದೆ ಕೊಡಗು ಎಂದಿತ್ತು. 1944ರ ಮಾರ್ಚ್ ತಿಂಗಳ ಒಂದು ದಿನಾಂಕ. ಈಗಿನ ಮ್ಯಾನ್ಮಾರಿನ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದಲ್ಲಿ, ಸಮಾಧಿ ಎಲ್ಲಿದೆಯೆಂದು ತಿಳಿಯದ ಸುಮಾರು 27,000 ಜನರ ಜೊತೆ, ಅವನ ಹೆಸರು ಕಲ್ಲಿನ ಮೇಲಿದೆ.

ಆ ಹಾಳೆಯನ್ನು ಅವನ ತಮ್ಮನ ಮಗನಿಗೆ ಕೊಟ್ಟೆವು. ಅವರಿಗೂ ಎಪ್ಪತ್ತು ದಾಟಿತ್ತು. ಕನ್ನಡಕ ಹಾಕಿ ಎರಡು ಸಲ ಓದಿ, ಹೆಂಡತಿಯನ್ನು ಕರೆದು ನಡುಮನೆಯ ದೀಪವಾದ ನೆಲ್ಲಕ್ಕಿ ಬೊಳ್ಚ ಹಚ್ಚಲು ಹೇಳಿದರು. ನಮ್ಮ ಜೊತೆ ಏನೂ ಮಾತನಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಹಬ್ಬ ಬಂತು. ಬೆಳಿಗ್ಗೆ ಮನೆಮನೆಯಲ್ಲಿ ಕೋವಿ, ಒಡಿಕತ್ತಿಗಳಿಗೆ ತೋಕ್‌ಪೂ ಮುಡಿಸಿ ಪೂಜೆಯಾಯಿತು. ಮಧ್ಯಾಹ್ನ ಮಂದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ಹೆಸರು ಓದಲು ನಿಂತೆವು. ಆಯಾ ಮನೆಯ ಅತ್ಯಂತ ಚಿಕ್ಕ ಮಗು ಓದಬೇಕೆಂದು ನಿಯಮ ಮಾಡಿದ್ದೆವು. ಮೊದಲು ಮನೆಹೆಸರು, ಆಮೇಲೆ ಹೆಸರು, ಹುದ್ದೆ, ದಳ, ಸೇವೆಯ ವರ್ಷಗಳು. ಮಿಲಿಟರಿ ಅಜ್ಜನ ಹೆಸರು ಬಂದಾಗ ಆ ತಾಯಿ ಕುರ್ಚಿಯಿಂದ ಎದ್ದು ನಿಂತರು, ಮುಗಿಯುವವರೆಗೂ ಕುಳಿತುಕೊಳ್ಳಲಿಲ್ಲ. ಅವರನ್ನು ನೋಡಿ ಮುಂದಿನವರೂ ತಮ್ಮ ಮನೆಯ ಹೆಸರು ಬಂದಾಗ ಎದ್ದರು. ಕೊನೆಗೆ ಇಡೀ ಮಂದು ನಿಂತಿತ್ತು.

ಬರ್ಮಾದ ಹುಡುಗನ ಹೆಸರನ್ನು ಕೊನೆಗೆ ಇಟ್ಟಿದ್ದೆವು. ಅದನ್ನು ಓದಿದ ಮೇಲೆ ಅವನ ತಮ್ಮನ ಮಗ ಮನೆಯ ಕೋವಿಯೊಂದಿಗೆ ಮಂದಿನ ಅಂಚಿಗೆ ನಡೆದು, ಊರಿನ ಮುಖ್ಯಸ್ಥರಾದ ತಕ್ಕರನ್ನು ನೋಡಿದರು. ತಕ್ಕರು ತಲೆಯಾಡಿಸಿದರು. ಎರಡು ಗುಂಡು ಹಾರಿತು.

ಐದು ನಿಮಿಷದಲ್ಲಿ ಪಕ್ಕದ ಊರಿನಿಂದ ಸುಬೇದಾರ್ ಅಣ್ಣನಿಗೆ ಫೋನ್ ಬಂತು. ಹಬ್ಬದ ದಿನ ಯಾರು ತೀರಿಕೊಂಡರು ಎಂದು ಕೇಳಿದರು. ಅಣ್ಣ ನೆಟ್ಟಗೆ ನಿಂತು ಮನೆಹೆಸರು ಹೇಳಿದರು, ಹೆಸರು ಹೇಳಿದರು, "ಸಿಪಾಯಿ, 1944ರಲ್ಲಿ" ಎಂದರು.